ಸುಟ್ಟ ಮನೆಯ ಗಿರಾಕಿ

ಇಷ್ಟಕ್ಕೆಲ್ಲ ಕಾರಣ ರಮಾಕಾಂತನ ಎಡಗಣ್ಣಿಗೆ ಬಿದ್ದ ಒಂದು ಚೂರು ಮಸಿ.

ಆಸ್ಟ್ರೇಲಿಯಾದ ಪರ್ತ್‌ನ ವಿಲೆಟನ್ ಬಡಾವಣೆಯ ಬೀದಿಯೊಂದರಲ್ಲಿ ಅರ್ಧ ಸುಟ್ಟು ನಿಂತಿದ್ದ ಮನೆಯ ಸೂರನ್ನು ಅವನು ಕತ್ತೆತ್ತಿ ನೋಡುತ್ತಿದ್ದಾಗ ಅದು ಮೇಲಿನಿಂದ ಉದುರಿತು. ಒರೆಸಿಕೊಂಡ. ಒರೆಸಿಕೊಂಡ ಕೈಯೂ ಮಸಿಯೇ ಆಗಿದ್ದರಿಂದ ಬಲಗಣ್ಣೂ ಹೋಯಿತು. ಕಣ್ಣಲ್ಲಿ ನೀರು ಧಾರಾಕಾರ ಸುರಿಯತೊಡಗಿ, ದಾರಿ ಕಾಣದೆ, ತಡವರಿಸುತ್ತ ಬಂದು ಮುಂಬಾಗಿಲ ಮೆಟ್ಟಿಲ ಮೇಲೆ ತಲೆಗೆ ಕೈಕೊಟ್ಟು ಕೂತ. ಸರಿಯಾಗಿ ಅದೇ ಹೊತ್ತಿಗೆ ಅಹಲ್ಯಾ ಆಂಟಿಯ ಬಿಳಿ ಕಾರು ಆ ಬೀದಿಗೆ ತಿರುಗಿತು. ನಿಧಾನವಾಯಿತು. ನಿಂತಿತು. ಗಾಜು ಇಳಿಯಿತು, ಒಂದು ಫೋನು ಹೊರಗೆ ಬಂದು ಒಳಗೆ ಹೋಯಿತು, ಗಾಜು ಏರಿತು. ಪರ್ತ್‌ನ ಕನ್ನಡಿಗರಲ್ಲಿ ಅಹಲ್ಯಾ ಆಂಟಿಗೆ ಒಂದು ಸುದ್ದಿ ಗೊತ್ತಾಯಿತೆಂದರೆ ಆಕಾಶವಾಣಿಗೆ ಗೊತ್ತಾದಂತೆ. ಕಣ್ಣುಜ್ಜಿಕೊಳ್ಳುತ್ತಿದ್ದ ರಮಾಕಾಂತನಿಗೆ ಇದೊಂದೂ ಕಾಣಲಿಲ್ಲ.

ಅವನು ಅಳುವ ಸ್ಥಿತಿಯಲ್ಲಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಅವತ್ತು ಬೆಳಿಗ್ಗೆಯೇ ಅವನಿಗೆ ನಗು ಬಂದಿದ್ದು.

ರಮಾಕಾಂತ ಉತ್ತರದ ಕಬ್ಬಿಣದ ಗಣಿಗಳಲ್ಲಿ ಜಿಯಾಲಜಿಸ್ಟ್. ಆ ವರ್ಷ ಅದಿರಿನ ಬೆಲೆ ಬಿದ್ದು ಜೊತೆಯವರಲ್ಲಿ ಅರ್ಧ ಜನ ಮನೆ ಸೇರಿದ್ದರು. ಇವನ ಕೆಲಸ ಕೂದಲೆಳೆಯಲ್ಲಿ ನೇತಾಡುತ್ತಿತ್ತು. ಮಗಳು ಮಧುರಾಳನ್ನು ಬರುವ ವರ್ಷ ವಿಲೆಟನ್ನಿನ ಹೈಸ್ಕೂಲಿಗೇ ಸೇರಿಸಬೇಕೆಂದು ಹೆಂಡತಿ ವನಜಾಳ ಪಟ್ಟು. ಆ ಸ್ಕೂಲಿನವರು ತಮ್ಮ ಸರಹದ್ದಿನೊಳಗೆ ಮನೆಯಿದ್ದವರ ಮಕ್ಕಳನ್ನು ಬಿಟ್ಟು ಬೇರೆಯವರತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅಲ್ಲಿನ ಮನೆಗಳ ಬೆಲೆ ಕೇಳಿದರೋ, ಭೂಮಿಯನ್ನೇ ಓದಿಕೊಂಡಿದ್ದ ರಮಾಕಾಂತನಿಗೂ ಅದು ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸುತ್ತಿತ್ತು. ಆದರೂ ಯುಗಾದಿಯ ಊಟದಲ್ಲಿ ನಾಲ್ಕು ಜನ ಕೇಳಿದ್ದಕ್ಕೆ, ‘ವಿಲೆಟನ್ನಲ್ಲಿ ಒಂದು ಮನೆ ಹೆಚ್ಚುಕಮ್ಮಿ ಆಗೇಹೋಗಿದೆ, ಗೃಹಪ್ರವೇಶಕ್ಕೆ ಕರೀತೀನಿ’ ಎಂದು ಬಾಯಿ ಬಿಟ್ಟಿದ್ದ. ಹೋಳಿಗೆ ತಿಂದ ಬಾಯಿ, ಹಗುರಾಗಿತ್ತು.

ಆ ಮೇಲೆ ಬ್ರಿಸ್ಬೇನಿನಿಂದ ಬಂದಿದ್ದ ಹೊಳೆಯುವ ಹಲ್ಲಿನ ರಿಯಲ್ ಎಸ್ಟೇಟ್ ಗುರುವೊಬ್ಬ ಹೋಟೆಲಿನ ಸಭಾಂಗಣದಲ್ಲಿ ನಿಂತು ಉಪದೇಶ ಮಾಡಿದ: ಬೆಂಕಿ ಬಿದ್ದ ಮನೆಯನ್ನು ಹುಡುಕಿ, ಮಣ್ಣಿನ ಬೆಲೆಗೆ ಕೊಳ್ಳಿ, ಬಳಿದು ನಿಲ್ಲಿಸಿ. ಯಾರ ಹತ್ತಿರವೂ ಬಾಯಿ ಬಿಡಬೇಡಿ. ಬಾಯಿ ಬಿಡದಿರುವುದು ರಮಾಕಾಂತನಿಗೆ ಸುಲಭವಾಯಿತು, ವನಜಾಳಿಗೂ ಹೇಳಲಿಲ್ಲ. ಕಷ್ಟವಾದದ್ದು ಮನೆ ಹುಡುಕುವುದು. ಒಮ್ಮೆ ಫೈರ್ ಇಂಜಿನ್ನನ್ನು ಊರೆಲ್ಲ ಹಿಂಬಾಲಿಸಿದ. ಅದು ಸರ್ವೋಗೆ, ಅಂದರೆ ಪೆಟ್ರೋಲ್ ಬಂಕಿಗೆ, ಹೋಗಿ ಡೀಸೆಲ್ ಹಾಕಿಸಿಕೊಂಡಿತು. ಇನ್ನೊಮ್ಮೆ ಹೊಗೆಯ ಜಾಡು ಹಿಡಿದು ಹೋದರೆ ಅದು ಯಾರದೋ ಹಿತ್ತಲಿನ ಬಾರ್ಬಿ, ಮಾಂಸ ಸುಡುವ ಒಲೆ. ಮನೆಯವನು ಪ್ರೀತಿಯಿಂದ ಸಸ್ಯಾಹಾರಿ ರಮಾಕಾಂತನ ಕೈಗೆ ಒಂದು ಸಾಸೇಜ್ ಇಟ್ಟ.

ಕೊನೆಗೆ ಸಿಕ್ಕಿದ್ದು ಕೆವಿನ್ನನ ಮನೆ. ಕೆವಿನ್ ರಿಟೈರಾದ ಬಸ್ ಡ್ರೈವರ್, ಒಂಟಿ ಮುದುಕ. ಆಲೂಗಡ್ಡೆ ಕರಿಯಲು ಎಣ್ಣೆಯಿಟ್ಟು ಕ್ರಿಕೆಟ್ ನೋಡುತ್ತ ಕೂತಿದ್ದನಂತೆ. ವಿಮೆ ಕಟ್ಟುವುದನ್ನು ಯಾವಾಗಲೋ ಬಿಟ್ಟಿದ್ದ. ‘ಮಾರೋಕೆ ಇಷ್ಟ ಇಲ್ಲ ಮೇಟ್. ಆದರೆ ಒಬ್ಬನೇ ಏನು ಮಾಡಲಿ? ಅಡಿಲೇಡಿನಲ್ಲಿ ತಂಗಿ ಇದ್ದಾಳೆ, ಹೋಗ್ತೀನಿ’ ಎಂದಿದ್ದ. ಬೆಲೆ ಕೇಳಿ ರಮಾಕಾಂತನಿಗೆ ಕುಣಿಯುವಂತಾಗಿತ್ತು. ಮಧ್ಯಾಹ್ನ ಮೂರಕ್ಕೆ ಸಹಿ ಎಂದು ಮಾತಾಗಿತ್ತು.

ಮನೆಗೆ ಬಂದರೆ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಸೋಫಾ ತುಂಬ, ನೆಲದ ತುಂಬ ಜನ. ನಡುವೆ ವನಜಾ, ಎರಡೂ ಕಡೆಯಿಂದ ಇಬ್ಬರು ಕೈ ಹಿಡಿದುಕೊಂಡಿದ್ದರಿಂದ ಅಲ್ಲಾಡಲೂ ಆಗದೆ, ಕಣ್ಣಲ್ಲೇ ಅವನನ್ನು ಹುರಿಯುತ್ತ ಕೂತಿದ್ದಳು. ಮೇಜಿನ ಮೇಲೆ ಬಿಸಿಬೇಳೆ ಬಾತಿನ ಕೊಳಗ, ಮಡಿಸಿದ ರಗ್ಗುಗಳು, ಒಂದು ಮಿಕ್ಸಿ.

ಕನ್ನಡ ಸಂಘದ ಹಿರಿಯರಾದ ರಾಜಗೋಪಾಲ ಅಂಕಲ್ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಪರ್ತ್‌ನಲ್ಲಿ ಅವರಿಗೆ ನಾಲ್ಕು ಮನೆಗಳಿದ್ದವು. ಐದನೆಯದಕ್ಕೆ ಅವರ ಮೂಗು ಸದಾ ಅರಳಿಕೊಂಡೇ ಇರುತ್ತಿತ್ತು.

“ಏನೂ ಹೇಳ್ಬೇಡಪ್ಪ. ನಮಗೆಲ್ಲ ಗೊತ್ತಾಯ್ತು.”

ಗುಟ್ಟು ಹೋಗಿ ಹೋಗಿ ಇವರ ಕಿವಿಗೇ ಬೀಳಬೇಕೆ! “ಯಾರು ಹೇಳಿದ್ರು ಅಂಕಲ್?”

“ಅಹಲ್ಯಾ ಕಣ್ಣಾರೆ ನೋಡಿದಾಳೆ.”

“ಅಂದ್ರೆ... ಆ ಮನೆ ಮೇಲೆ ನಿಮಗೂ...”

“ನಿನ್ನ ಮನೆ ಬೇರೆ, ನಮ್ಮನೆ ಬೇರೇನೇನೋ?” ಅಂಕಲ್ ಕಣ್ಣೊರೆಸಿಕೊಂಡರು. “ಹಾಲು ಉಕ್ಕಿಸೋಕೆ ಮುಂಚೇನೇ ಹೀಗಾಗ್ಬಾರ್ದಿತ್ತು.”

ಆಗ ಅಹಲ್ಯಾ ಆಂಟಿ ಅಡಿಗೆಮನೆಯತ್ತ ತಿರುಗಿ ಪಿಸುಗುಟ್ಟಿದರು. ಅವರ ಪಿಸುಮಾತು ಮೂರು ಮನೆಗೆ ಕೇಳಿಸುತ್ತಿತ್ತು. “ಯಾರೂ ಸ್ಟೌವ್ ಹಚ್ಬೇಡ್ರೇ! ನೋಡಿದ್ರೆ ಅವನಿಗೆ ಸಂಕಟ ಆಗತ್ತೆ. ಕಾಫಿ ಮೈಕ್ರೋವೇವಲ್ಲೇ ಮಾಡಿ.”

ರಮಾಕಾಂತನಿಗೆ ಎಲ್ಲ ಅರ್ಥವಾಯಿತು: ಯುಗಾದಿಯಲ್ಲಿ ತಾನು ಹೇಳಿದ್ದ ಮನೆಯೇ ಸುಟ್ಟಿದೆ ಎಂದುಕೊಂಡಿದ್ದರು. ನೊಂದವನ ಮುಂದೆ ನೋವಿನ ಹೆಸರೆತ್ತಬಾರದೆಂದು ಅಷ್ಟು ಜನವೂ ಬೆಂಕಿ ಎಂಬ ಶಬ್ದವನ್ನು ನುಂಗಿಕೊಂಡು ಕೂತಿದ್ದರು. ಕೇಳದಿದ್ದ ಮೇಲೆ ಅಲ್ಲವೆನ್ನುವುದು ಹೇಗೆ?

ಕೈ ಬಿಡಿಸಿಕೊಂಡ ವನಜಾ ಅವನನ್ನು ಬಟ್ಟೆ ಒಗೆಯುವ ಕೋಣೆಗೆ ಎಳೆದುಕೊಂಡು ಹೋದಳು.

“ಯಾವ ಮನೇರೀ? ಯಾವಾಗ ತಗೊಂಡ್ರಿ? ತಗೊಂಡಿದ್ದು ಗೊತ್ತಾಗೋಕೆ ಮುಂಚೆ ಸುಟ್ಟುಹೋಗಿದ್ದು ಗೊತ್ತಾಯ್ತಲ್ರೀ ನಂಗೆ!”

“ತಗೊಂಡಿಲ್ಲ ಕಣೇ. ಸುಟ್ಟಿದೆ, ಅದಕ್ಕೇ ತಗೋತಾ ಇದೀನಿ. ಮೂರು ಗಂಟೆಗೆ ಸೈನು. ಸ್ಕೂಲಿಂದ ನಡ್ಕೊಂಡು ಹೋಗೋಷ್ಟು ದೂರ.”

ಸ್ಕೂಲು ಎಂದದ್ದೇ ವನಜಾಳ ಸ್ವರ ಒಂದು ಮೆಟ್ಟಿಲು ಇಳಿಯಿತು. “ಹಾಗಾದ್ರೆ ಹೊರಗೆ ಹೋಗಿ ನಿಜ ಹೇಳ್ಬಿಡಿ. ಪಾಪ, ಅಷ್ಟು ಜನ ಊಟ ಬಿಟ್ಟು ಬಂದಿದಾರೆ.”

“ಹೇಳಿದ್ರೆ ರಾಜಗೋಪಾಲ ಅಂಕಲ್ ಕಾಫಿ ಆರೋದ್ರೊಳಗೆ ಆ ಮನೆ ಕೊಂಡ್ಬಿಡ್ತಾರೆ. ಸೈನ್ ಆಗೋವರೆಗೆ ನಮ್ಮನೇನೇ ಸುಟ್ಟಿದೆ ಅಂತಿರೋಣ. ಆಮೇಲೆ ಅದು ಸುಳ್ಳೂ ಆಗಲ್ಲ.”

ವನಜಾ ಯೋಚಿಸಿದಳು. “ಆ ಮಿಕ್ಸಿ ಮಾತ್ರ ವಾಪಸ್ ಕೊಡ್ಬೇಕು,” ಎಂದಳು. ಮತ್ತೆ, “ನಮ್ಮದಕ್ಕಿಂತ ಚೆನ್ನಾಗಿದೆ,” ಎಂದಳು.

ಬಾಗಿಲಲ್ಲಿ ಮಧುರಾ ನಿಂತಿದ್ದಳು, ಹೆಗಲಿಗೆ ಯಾರದೋ ಹಳೆಯ ಸ್ಕೂಲ್ ಬ್ಯಾಗು. “ಡ್ಯಾಡ್, ಆರ್ ವಿ ಹೋಮ್‌ಲೆಸ್?”

ಹೊರಗೆ ಬಂದರೆ ಅಂಕಲ್ ಆಗಲೇ ಭಾಷಣಕ್ಕೆ ನಿಂತಿದ್ದರು. “ಕೂತು ಕಣ್ಣೀರು ಹಾಕಿದ್ರೆ ಆಗಲ್ಲ. ಈ ಆರ್ವೋ, ಇವತ್ತು ಮಧ್ಯಾಹ್ನಾನೇ, ಎಲ್ಲರೂ ಅಲ್ಲಿಗೇ ಹೋಗೋಣ. ಗುಡಿಸಿ, ತೊಳೆದು, ಬಳಿದುಬಿಡೋಣ. ನಾಲ್ಕು ಗಂಟೆಗೆ ಸರಿಯಾಗಿ.”

“ಬೇಡ ಅಂಕಲ್, ಕೌನ್ಸಿಲ್‌ನವರು ಒಳಗೆ ಬಿಡಲ್ಲ.”

“ಕೌನ್ಸಿಲ್‌ನವರಿಗೂ ಆಗೋಷ್ಟು ಬಾತ್ ಇದೆ,” ಎಂದರು ಅಹಲ್ಯಾ ಆಂಟಿ.

ನಾಲ್ಕು ಎಂದಮೇಲೆ ಐದೂವರೆ. ಅದು ಸಂಘದ ಪಂಚಾಂಗ. ಅಷ್ಟರಲ್ಲಿ ಸಹಿಯಾಗಿ, ಮನೆ ತನ್ನದಾಗಿ, ಬಂದವರ ಕೈಗೆ ತಾನೇ ಪೊರಕೆ ಕೊಡಬಹುದು ಎಂದುಕೊಂಡು ರಮಾಕಾಂತ ಮೂರಕ್ಕೆ ಮೊದಲೇ ಹಿತ್ತಲ ಬಾಗಿಲಿಂದ ಜಾರಿಕೊಂಡ.

ಕೆವಿನ್ ಕಾದಿದ್ದ. ರಮಾಕಾಂತನ ಕಾರಿನ ಬಾನೆಟ್ಟಿನ ಮೇಲೆ ಒಪ್ಪಂದದ ಕಾಗದ ಹರಡಿ ಪೆನ್ನು ಹಿಡಿದ. ಹಿಡಿದವನು ಮನೆಯನ್ನೊಮ್ಮೆ ನೋಡಿದ. ಮುಂದಿನ ಎರಡು ಕೋಣೆಗಳಿಗೆ ಬರೀ ಮಸಿ ಹತ್ತಿತ್ತು, ಹಿಂದಿನ ಅಡಿಗೆಮನೆ ಮಾತ್ರ ಸೀದ ದೋಸೆಯಂತೆ ಸುರುಟಿಕೊಂಡಿತ್ತು. “ಆ ನಿಂಬೆ ಗಿಡ ನಾನೇ ನೆಟ್ಟಿದ್ದು,” ಎಂದ. ರಮಾಕಾಂತ ಹೌದಾ ಎಂದ. “ಆ ಬೇಲಿ ಕೂಡ.” ರಮಾಕಾಂತ ಚೆನ್ನಾಗಿದೆ ಎಂದ. ಮುದುಕ ಪೆನ್ನಿನ ಮುಚ್ಚಳವನ್ನು ಬೆರಳಲ್ಲಿ ತಿರುಗಿಸುತ್ತಲೇ ಇದ್ದ. ಅದನ್ನು ನೋಡಬಾರದೆಂದು ರಮಾಕಾಂತ ನಿಂಬೆ ಗಿಡವನ್ನು ನೋಡಿದ. ನೋಡಿದರೆ ಅದರಾಚೆ ಬೀದಿಯ ತುದಿಯಲ್ಲಿ ಒಂದು ಬಿಳಿ ಕಾರು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಕಣ್ಣು ಹೋಗುವಷ್ಟು ದೂರ ಕಾರುಗಳು.

ತನ್ನ ಇತಿಹಾಸದಲ್ಲೇ ಮೊದಲ ಸಲ ಕನ್ನಡ ಸಂಘ ಹೇಳಿದ ಹೊತ್ತಿಗಿಂತ ಮುಂಚೆ ಬಂದಿತ್ತು.

ಬಂದವರಲ್ಲಿ ಮುಕ್ಕಾಲು ಪಾಲು ಗಣಿಯವರು. ಎಲ್ಲರೂ ತಮ್ಮ ಗಣಿಯ ಕಿತ್ತಳೆ ಅಂಗಿ, ಕಬ್ಬಿಣದ ಮೂತಿಯ ಬೂಟು ಹಾಕಿಕೊಂಡು, ಪೊರಕೆ, ಬಕೀಟು, ಏಣಿ ಹಿಡಿದು ಇಳಿದರು. ಹೊಸ ಮಿಕ್ಸಿಯ ಮೇಲಿನ ಮೋಹ ಬಿಟ್ಟು ವನಜಾಳೂ ಬಂದಿದ್ದಳು, ಬೇರೆ ದಾರಿಯಿರಲಿಲ್ಲ. ರಾಜಗೋಪಾಲ ಅಂಕಲ್ ನೆಟ್ಟಗೆ ಬಂದು ಕೆವಿನ್ನನನ್ನು ತಬ್ಬಿಕೊಂಡರು. “ಯೂ ಆರ್ ದಿ ನೇಬರ್? ವೆರಿ ಸ್ಯಾಡ್, ವೆರಿ ಸ್ಯಾಡ್,” ಎಂದು ಬೆನ್ನು ತಟ್ಟಿ ಮುಂದೆ ಹೋದರು. ರಮಾಕಾಂತ ಕಾಗದದ ಮೇಲೆ ಅಂಗೈಯಿಟ್ಟು, “ಇಲ್ಲೊಂದು ಸಹಿ ಅಷ್ಟೇ ಕೆವಿನ್,” ಎಂದ. ಕೆವಿನ್ ಕೇಳಿಸಿಕೊಳ್ಳಲಿಲ್ಲ.

ಮಾಡಿನ ಮೇಲೆ ಹತ್ತಿದ್ದ ಎಂಜಿನಿಯರೊಬ್ಬ ತೊಲೆಗಳನ್ನು ಬಡಿದು ಬಡಿದು ನೋಡಿ ಕೂಗಿದ: “ಸೂಪರ್ ಸ್ಟ್ರಾಂಗ್ ಇದೆ ಕಣ್ರೋ! ಅಡಿಗೆಮನೆ ಒಂದು ಕಟ್ಟಿದ್ರೆ ಮುಗೀತು!” ಇಂಗ್ಲಿಷಿನಲ್ಲೂ ಒಮ್ಮೆ ಕೂಗಿದ, ಪಕ್ಕದ ಮನೆಯವರಿಗೂ ಸಮಾಧಾನವಾಗಲೆಂದು. ಅಹಲ್ಯಾ ಆಂಟಿ ಕೆವಿನ್ನನ ಕೈಗೆ ಒಂದು ತಟ್ಟೆ ಬಾತ್ ಕೊಟ್ಟರು. ತಟ್ಟೆ ಹಿಡಿಯಲು ಅವನು ಪೆನ್ನನ್ನು ಕಿವಿಗೆ ಸಿಕ್ಕಿಸಿದ.

“ಮೇಟ್, ಇವರೆಲ್ಲ ಯಾರು? ಯಾಕೆ ಬಂದಿದ್ದಾರೆ?” ಎಂದು ಕೇಳಿದ.

ಅದೇ ಹೊತ್ತಿಗೆ ಅಂಕಲ್ ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದರು. “ರಮಾಕಾಂತ, ನಾಲ್ಕು ಮಾತಾಡಪ್ಪ. ಇಂಗ್ಲಿಷಲ್ಲೇ ಆಡು, ನೇಬರ್ ಇದಾರೆ.”

ರಮಾಕಾಂತ ಒಂದು ಕಡೆ ನೋಡಿದ: ಪೊರಕೆ ಹಿಡಿದು ನಿಂತ ಅಷ್ಟೂ ಕಿತ್ತಳೆ ಅಂಗಿಗಳು. ಇನ್ನೊಂದು ಕಡೆ ನೋಡಿದ: ಮೆಣಸಿನಕಾಯಿಗೆ ಕಣ್ಣಲ್ಲಿ ನೀರು ತುಂಬಿಕೊಂಡು, ಆದರೂ ತಿನ್ನುವುದನ್ನು ಬಿಡದ ಮುದುಕ. ‘ಇದು ನನ್ನ ಮನೆ’ ಎಂದರೆ ಕೆವಿನ್ ಕೇಳುತ್ತಾನೆ. ‘ಇದು ಕೆವಿನ್ನನ ಮನೆ, ನಾನು ಕೊಳ್ಳೋಕೆ ಬಂದವನು’ ಎಂದರೆ ಅಂಕಲ್ ಕೇಳುತ್ತಾರೆ. ವನಜಾಳತ್ತ ನೋಡಿದ. ಅವಳು ಕೆವಿನ್ನನನ್ನು ನೋಡುತ್ತಿದ್ದಳು. ತುತ್ತು ತುತ್ತಿಗೂ ಅವನು ತಿರುಗಿ ಮನೆಯನ್ನೇ ನೋಡುತ್ತಿದ್ದ. ಅವಳು ಕಣ್ಣು ಕೆಳಗಿಳಿಸಿದಳು.

“ಇದು ಕೆವಿನ್ನನ ಮನೆ,” ಎಂದ ರಮಾಕಾಂತ. “ಅವನಿಗೆ ಸಹಾಯ ಮಾಡೋಕೆ ನಾವೆಲ್ಲ ಬಂದಿದ್ದೀವಿ.”

ಕಿತ್ತಳೆ ಅಂಗಿಗಳು ಮುಖ ಮುಖ ನೋಡಿಕೊಂಡವು. ಆ ಮೇಲೆ ರಾಜಗೋಪಾಲ ಅಂಕಲ್ ಅವನ ಎರಡೂ ಕೈ ಹಿಡಿದುಕೊಂಡರು.

“ಯಾರದೋ ಮನೆ ಸುಟ್ಟಿದ್ದಕ್ಕೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆಯೇನೋ ನೀನು! ಬಾಯಿ ಬಿಟ್ಟು ಹೇಳಲೂ ಇಲ್ವಲ್ಲೋ!”

ಅಹಲ್ಯಾ ಆಂಟಿ ಬಿಕ್ಕಿದರು. ಯಾರೋ ಚಪ್ಪಾಳೆ ಶುರು ಮಾಡಿದರು. ಕೆವಿನ್ ತಟ್ಟೆ ಕೆಳಗಿಟ್ಟು, ಕಿವಿಯ ಪೆನ್ನು ತೆಗೆದು, ಅದರ ಮುಚ್ಚಳ ಹಾಕಿ ರಮಾಕಾಂತನ ಜೇಬಿಗೆ ಸಿಕ್ಕಿಸಿದ. “ನಾನು ಎಲ್ಲೂ ಹೋಗಲ್ಲ ಮೇಟ್,” ಎಂದ. ವನಜಾ ಯಾರ ಮುಖವನ್ನೂ ನೋಡದೆ ರಪರಪ ಗುಡಿಸತೊಡಗಿದಳು.

ಸಂಜೆಯ ಹೊತ್ತಿಗೆ ಗೋಡೆಗಳು ಬೆಳ್ಳಗಾಗಿದ್ದವು, ರಮಾಕಾಂತ ಕಪ್ಪಗಾಗಿದ್ದ. ಅಡಿಗೆಮನೆ ಮುಗಿಯುವವರೆಗೆ ಪ್ರತಿ ಶನಿವಾರದ ಉಸ್ತುವಾರಿ ಅವನದೇ ಎಂದು ಒಮ್ಮತದಿಂದ ತೀರ್ಮಾನವಾಯಿತು. ಎದುರು ಮನೆಯ ಹೆಂಗಸು ಎಲ್ಲರ ಫೋಟೋ ತೆಗೆದು ಊರವರ ಫೇಸ್‌ಬುಕ್ಕಿಗೆ ಹಾಕಿದ್ದಳು. ಸಹಾಯ ಬೇಕಾದವರು ಕರೆಯಲಿ ಎಂದು ಅಂಕಲ್ ತಾವೇ ಮುಂದಾಗಿ ಅವನ ನಂಬರು ಕೊಟ್ಟಿದ್ದರು.

ಏಣಿಗಳನ್ನು ಕಾರಿಗೆ ಕಟ್ಟುತ್ತಿರುವಾಗ ಫೋನು ಬಂತು. ಅಪರಿಚಿತ ಹೆಂಗಸಿನ ದನಿ. ಈ ಆರ್ವೋ ನಮ್ಮ ಮನೆಗೆ ಬೆಂಕಿ ಬಿತ್ತು, ಫೈರ್‌ನವರು ಈಗಷ್ಟೇ ಹೋದರು, ಇನ್ನೂ ಯಾರಿಗೂ ಹೇಳಿಲ್ಲ, ಮೊದಲು ನಿಮಗೇ ಫೋನ್ ಮಾಡುತ್ತಿದ್ದೇನೆ ಎಂದಳು. ರಮಾಕಾಂತ ವಿಳಾಸ ಕೇಳಿದ. ವಿಲೆಟನ್ನೇ. ಸ್ಕೂಲಿನ ಗೇಟಿನೆದುರು.

“ಒಂದು ದಿನವೂ ನಾನಿಲ್ಲಿ ಇರಲಾರೆ. ಬಂದಷ್ಟಕ್ಕೆ ಯಾರಿಗಾದರೂ ಕೊಟ್ಟುಬಿಡೋಣ ಅನ್ನಿಸಿದೆ,” ಎಂದು ಅವಳು ಅತ್ತಳು.

ರಮಾಕಾಂತ ಫೋನು ಕಿವಿಗೊತ್ತಿಕೊಂಡು ಹಿಂದೆ ತಿರುಗಿದ. ಬೆನ್ನ ಹಿಂದೆಯೇ ಅಹಲ್ಯಾ ಆಂಟಿ ನಿಂತಿದ್ದರು.

“ಇನ್ನೊಂದಾ? ಅಯ್ಯೋ ಪಾಪ! ಎಲ್ಲರೂ ಗಾಡಿ ಹತ್ಕೊಳ್ರಪ್ಪ, ಬಾತ್ ಇನ್ನೂ ಅರ್ಧ ಕೊಳಗ ಇದೆ!”

ಇವನು ಕಾರು ಶುರು ಮಾಡುವಷ್ಟರಲ್ಲಿ ಹಿಂದಿನ ಕಾರುಗಳೂ ಶುರುವಾಗಿದ್ದವು. ಮೊದಲು ನಿಜ ಹೇಳ್ಬಿಡಿ ಎಂದಿದ್ದ ವನಜಾ ಪಕ್ಕದಲ್ಲಿ ಕೂತು ಬಾಗಿಲೆಳೆದುಕೊಂಡು ಹಲ್ಲು ಕಚ್ಚಿ ಹೇಳಿದಳು: “ಜೋರಾಗಿ ಓಡಿಸ್ರೀ. ಇವರು ಬರೋದ್ರೊಳಗೆ ಸೈನ್ ಹಾಕಿಸ್ಬಿಡಿ.”

ರಮಾಕಾಂತ ಆಕ್ಸಿಲರೇಟರ್ ಒತ್ತಿದ. ಹಿಂದಿನ ಕಾರುಗಳೂ ಒತ್ತಿದವು. ಅವನು ಎಡಕ್ಕೆ ತಿರುಗಿದ, ಅಷ್ಟೂ ತಿರುಗಿದವು. ಹಳದಿ ದೀಪ ಕೆಂಪಾಗುವ ಮುನ್ನ ನುಗ್ಗಿದ. ಕನ್ನಡಿಯಲ್ಲಿ ಕಿತ್ತಳೆ ಅಂಗಿಗಳು ಇನ್ನಷ್ಟು ಹತ್ತಿರವಾದವು. ಅಷ್ಟರಲ್ಲಿ ಕಾರಿನ ಸ್ಪೀಕರಿನಲ್ಲಿ ರಾಜಗೋಪಾಲ ಅಂಕಲ್ಲರ ಗದ್ಗದಿತ ದನಿ ಮೊಳಗಿತು:

“ಭೇಷ್ ಕಣಪ್ಪ! ಪರೋಪಕಾರ ಅಂದ್ರೆ ಏನು ಆತುರ ನಿಂಗೆ! ಇನ್ನೂ ಜೋರಾಗಿ ಹೋಗು, ಹೆದರ್ಬೇಡ, ನಾವು ನಿನ್ನ ಕೈ ಬಿಡಲ್ಲ!”