ತೊಟ್ಟಿಲ ಕೌದಿ ಮತ್ತು ಕಂಪ್ಯೂಟರ್ ಕಾಗದ

ಗುಟ್ಟು ಕಾಯುವುದರಲ್ಲಿ ನನ್ನಷ್ಟು ಗಟ್ಟಿಗಿತ್ತಿ ಇಲ್ಲ ಎಂದು ಬಹಳ ವರ್ಷ ನಂಬಿದ್ದೆ. ನಿಜ ಹೇಳಬೇಕೆಂದರೆ ಮಕ್ಕಳೇ, ನಾಚಿಕೆಗೆ ನನ್ನ ನಾಲಿಗೆ ಏಳುತ್ತಿರಲಿಲ್ಲ, ಅಷ್ಟೆ. ರೇಶನ್ ಕಾರ್ಡ್ ಬರೆಯುವವರು ಗಂಡನ, ಅಂದರೆ ನಿಮ್ಮ ಮುತ್ಯಾನ ಹೆಸರು ಕೇಳಿದಾಗ ಪಕ್ಕದಲ್ಲಿ ನಿಂತವಳಿಂದ ಹೇಳಿಸಿದವಳು ನಾನು. ಮುತ್ಯಾ ತೀರಿಕೊಂಡ ಮೇಲೆ ಮೂಡಲಗಿಯ ಮನೆಯಲ್ಲಿ ಕೌದಿ ಹೊಲಿಯಲು ಕುಳಿತೆ. ಗೋಕಾಕದಿಂದ, ಹತ್ತರಗಿಯಿಂದ ಹಳೆಯ ಸೀರೆ ತಂದುಕೊಟ್ಟ ಹೆಂಗಸರು ಸೀರೆಯ ಜೊತೆ ಅದರ ಕಥೆಯನ್ನೂ ಬಿಟ್ಟುಹೋಗುತ್ತಿದ್ದರು. ಯಾವುದು ಯಾರದೆಂದು ಮರೆಯಬಾರದಲ್ಲ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ಊರಿಗೆ ಆಗತಾನೇ ಇಂಟರ್ನೆಟ್ ಅಂಗಡಿ ಬಂದಿತ್ತು. ಗಿರಾಕಿಗಳಲ್ಲಿ ಏಳೆಂಟು ಜನ ನೌಕರಿಯವರು ಇ-ಮೇಲ್ ವಿಳಾಸ ಬರೆಸಿದ್ದರು. "ಅತ್ತಿ, ಒಮ್ಮೆ ಬರದ್ರ ಎಲ್ಲಾರಿಗೂ ಹೋಗ್ತೈತ್ರಿ," ಎಂದಳು ನಿಮ್ಮವ್ವ. ನನಗೆ ಕೌಜಲಗಿಯ ತವರು ನೆನಪಾಯಿತು. ಅಲ್ಲಿಗೂ ಒಂದೇ ಕಾಗದ ಬರುತ್ತಿತ್ತು, ಅದರಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಸಾಲು. ಅಪ್ಪ ಯಾರ ಸಾಲನ್ನು ಅವರಿಗೆ ಓದಿ ಹೇಳುತ್ತಿದ್ದ. ಹೇಳಬಾರದ್ದು ಬಂದರೆ ಒಮ್ಮೆ ಕೆಮ್ಮಿ ದಾಟಿಬಿಡುತ್ತಿದ್ದ. ಕಂಪ್ಯೂಟರ್ ಅಪ್ಪನಿಗಿಂತ ಶಾಣ್ಯಾ ಇದ್ದೀತೆಂದು ನೋಟ್‌ಬುಕ್ ನೋಡಿ ಸಾಲುಸಾಲಾಗಿ ಬರೆಸಿದೆ. ಅದರಲ್ಲೊಂದು: 'ನಿಡಸೋಸಿ ಕಾಲೇಜಿನ ಶೋಭಾ ಅವರಿಗೆ, ತೊಟ್ಟಿಲ ಕೌದಿ ತಯಾರಾಗಿದೆ, ಒಯ್ಯಿರಿ.' ನಿಮ್ಮವ್ವ ಗುಂಡಿ ಒತ್ತಿದಳು.

ಕಂಪ್ಯೂಟರಿಗೆ ಕೆಮ್ಮು ಬರುವುದಿಲ್ಲ. ಎಲ್ಲರ ವಿಳಾಸ, ಎಲ್ಲರ ಸಾಲು ಎಲ್ಲರಿಗೂ ಹೋದವು. ಶೋಭಾ ಎರಡು ಸಲ ಬಸಿರು ನಿಲ್ಲದೆ ನೊಂದವಳು. ಮೂರನೆಯದನ್ನು ಗಂಡನನ್ನು ಬಿಟ್ಟರೆ ನನಗೊಬ್ಬಳಿಗೇ ಹೇಳಿದ್ದಳು, ಅದೂ ತೀರಿಕೊಂಡ ತಾಯಿಯ ಸೀರೆಯನ್ನು ನನ್ನ ಕೈಗೆ ಕೊಡುವಾಗ. ಹುಕ್ಕೇರಿಯಲ್ಲಿ ನೌಕರಿಗಿದ್ದ ಅವಳ ಮೈದುನನ ಹೆಂಡತಿಯೂ ನನ್ನ ಗಿರಾಕಿ ಎಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಮರುದಿನವೇ ಶೋಭಾ ಬಂದಳು. ಕೂಡು ಎಂದರೂ ಕೂಡಲಿಲ್ಲ. "ಆಯಿ, ನೆಗೆಣ್ಣಿ ಫೋನ್ ಮಾಡಿ 'ಸೀಮಂತದ ಕುಬುಸ ಯಾವಾಗವಾ?' ಅಂದ್ಳು. ಅತ್ತಿಯವರು ಓಣಿಗೆಲ್ಲಾ ಹೇಳ್ಯಾರ. ಈ ಸಲಾನೂ ನಿಲ್ಲಲಿಲ್ಲಂದ್ರ ಅಷ್ಟೂ ಮಂದಿಗೆ ನಾ ಏನ್ ಹೇಳ್ಲಿ?"

"ತಪ್ಪಾತವ್ವ. ಅದನ್ನ ಹೇಳೂ ಹಕ್ಕು ನಿಂದಿತ್ತು, ನಂದಲ್ಲ," ಎಂದೆ. ಅವಳೆದುರೇ ನೋಟ್‌ಬುಕ್ಕಿನಲ್ಲಿದ್ದ ಅವಳ ಸಾಲನ್ನು ಹೊಡೆದುಹಾಕಿದೆ. ಅವಳು ಕೌದಿಯ ಅಂಚನ್ನು ಮುಟ್ಟಿ ನೋಡಿದಳು. ಒಯ್ಯಲಿಲ್ಲ. "ಇಲ್ಲೇ ಇರ್ಲಿ. ಬೇಕಾದ್ರ ಬರ್ತೀನಿ."

ಅಂದಿನಿಂದ ಒಬ್ಬೊಬ್ಬರಿಗೂ ಬೇರೆಬೇರೆ ಕಾಗದ. ಬರೆಯಲೋ ಬೇಡವೋ ಎಂದು ಮೊದಲೇ ಕೇಳುವುದು, ಬೇಡವೆಂದವರ ವಿಳಾಸ ಅಳಿಸುವುದು. ನೋಟ್‌ಬುಕ್ ಟ್ರಂಕಿಗೆ ಹೋಯಿತು, ಕೀಲಿಕೈ ನನ್ನ ಸೊಂಟಕ್ಕೆ. "ದೊಡ್ಡ ಕಂಪನ್ಯಾಗೂ ಇಷ್ಟು ಬಿಗಿ ಇರಾಕಿಲ್ರಿ ಅತ್ತಿ," ಎಂದು ನಿಮ್ಮವ್ವ ನಕ್ಕಳು. ನನಗೆ ನಗು ಬರಲಿಲ್ಲ. ಆ ಪುಟ್ಟ ಕೌದಿಯನ್ನು ಆಗಾಗ ಬಿಸಿಲಿಗೆ ಹಾಕುವುದು, ಬಾಗಿಲು ನೋಡುವುದು, ಮತ್ತೆ ಮಡಿಚಿಡುವುದು. ಹೀಗೇ ತಿಂಗಳುಗಳು ಹೋದವು.

ಒಂದು ಮಧ್ಯಾಹ್ನ ಶೋಭಾ ಬಂದಳು. ತೋಳಲ್ಲಿ ಕೂಸು, ಹಿಂದೆ ಕೊಡೆ ಹಿಡಿದ ಗಂಡ. "ಕೌದಿ ಕೊಡ್ರಿ ಆಯಿ. ಈಗ ಯಾರಿಗರ ಹೇಳ್ರಿ!" ನಾನು ಕೌದಿ ಬಿಚ್ಚಿ ಕೂಸಿಗೆ ಹೊದಿಸಿದೆ.

ಇದನ್ನು ನಿಮಗಾಗಿ ಬರೆಯುವ ಮೊದಲು ಅವಳನ್ನು ಕೇಳಿದೆ. "ಬರೀರಿ, ಹೆಸರಷ್ಟು ಬದಲಿ ಮಾಡ್ರಿ," ಎಂದಳು. ಮಾಡಿದ್ದೇನೆ. ಗುಂಡಿ ಒತ್ತಿದವಳನ್ನು ಕೇಳುವುದು ಮಾತ್ರ ಮರೆತೇಬಿಟ್ಟೆ. ಓದಿಯಾದ ಮೇಲೆ ಈ ಹಾಳೆ ನಿಮ್ಮವ್ವನ ಕೈಗೆ ಸಿಗದಂತೆ ಇಡಿ.