ಪ್ರವಾದಿಗಳ ಗೋಡೆಗೆ ಬೈಲಹೊಂಗಲದ ಬಣ್ಣ

ನನ್ನ ಅಂಗಡಿಗೆ ಗಂಭೀರವಾದ ಕೆಲಸಗಳೂ ಬರುತ್ತವೆ. ಬಂದಷ್ಟು ಗಂಭೀರವಾಗಿ ಹೊರಗೆ ಹೋದದ್ದು ಮಾತ್ರ ಒಂದೂ ಇಲ್ಲ.

ಬೈಲಹೊಂಗಲ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರಿನಲ್ಲಿ ಬ್ಯಾನರ್ ಡಿಸೈನ್ ಮಾಡಿಕೊಡುವುದು ನನ್ನ ಕಸುಬು. ಫೋಟೋ ಕತ್ತರಿಸಬೇಕು, ಹಿಂದೆ ಸೂರ್ಯನನ್ನು ಹುಟ್ಟಿಸಬೇಕು, ಕೆಳಗೆ ಶುಭ ಕೋರುವವರ ಮುಖಗಳನ್ನು ಸಾಲಾಗಿ ಕೂರಿಸಬೇಕು. ಆ ಸಾಲಿನಲ್ಲಿ ಒಬ್ಬನ ತಲೆ ಇನ್ನೊಬ್ಬನದಕ್ಕಿಂತ ಚೂರು ದೊಡ್ಡದಾದರೂ ಓಣಿಯಲ್ಲಿ ಎರಡು ಪಾರ್ಟಿ ಆಗುತ್ತವೆ. ನಾನು ಧಾರವಾಡದಲ್ಲಿ ಚಿತ್ರಕಲೆ ಕಲಿತವಳು. ಆದರೆ ಚಿತ್ರ ಬರೆದುಕೊಡಿ ಅಂತ ಇಲ್ಲಿ ಯಾರೂ ಕೇಳಿದ್ದಿಲ್ಲ. "ಮುಖ ಒಂಚೂರು ಬೆಳ್ಳಗ ಮಾಡ್ರಿ" ಅಂದವರೇ ಎಲ್ಲ.

ಹೀಗಿರುವಾಗ ರಾಮದುರ್ಗದಿಂದ ಒಬ್ಬ ಪಾಸ್ಟರು ಬಂದರು. ಅವರ ಸಣ್ಣ ಸಭೆ ಹೊಸ ಪ್ರಾರ್ಥನಾ ಮಂದಿರ ಕಟ್ಟಿಸಿತ್ತು. ಒಳಗೆ ಒಂದು ಉದ್ದನೆಯ ಖಾಲಿ ಗೋಡೆ. ಬೈಬಲಿನ ಪ್ರವಾದಿಗಳು ಮುಂದೆ ಬರಲಿರುವ ಒಳ್ಳೆಯ ಕಾಲದ ಬಗ್ಗೆ ಹೇಳಿದ ಮಾತುಗಳಿವೆಯಲ್ಲ, ಅವುಗಳಲ್ಲಿ ಐದನ್ನು ಆರಿಸಿ, ಕಂಪ್ಯೂಟರಿನಲ್ಲೇ ಚಿತ್ರ ಬರೆದು, ಕ್ಯಾನ್ವಾಸಿನ ಮೇಲೆ ಪ್ರಿಂಟ್ ಹಾಕಿಸಿ ಕೊಡಬೇಕು ಅಂದರು.

"ನಮ್ಮವ್ವಗ ಓದಾಕ ಬರಂಗಿಲ್ರಿ ಅಕ್ಕಾರ. ಎಲ್ಲಾ ಕೇಳಿ ಕೇಳಿ ಬಾಯಿಪಾಠ ಮಾಡ್ಯಾಳ. ಕಿವಿಲೆ ಕೇಳಿದ್ದು ಸಾಕಾತು, ಒಂದ ಸಲ ಕಣ್ಣಿಲೆ ನೋಡಬೇಕು ಅಂತಾಳ" ಅಂದರು. ಆ ತಾಯಿಯನ್ನು ಅವರ ಓಣಿಯವರೆಲ್ಲ ಆಯಿ ಅನ್ನುತ್ತಾರೆ.

ಒಂದೇ ಒಂದು ತೊಡಕು. ಸಭೆಯ ಹಿರಿಯರಾದ ಒಬ್ಬ ನಿವೃತ್ತ ಹೆಡ್‌ಮಾಸ್ತರರಿಗೆ ದೇವರ ಮನೆಯಲ್ಲಿ ಚಿತ್ರ ಹಾಕುವುದೇ ಸರಿಬರುತ್ತಿರಲಿಲ್ಲ. ಒಂದೇ ಒಂದು ಹೊಂದದ ಸಂಗತಿ ಕಂಡರೂ ಐದನ್ನೂ ಇಳಿಸಿ ಗೋಡೆಗೆ ಸುಣ್ಣ ಬಳಿಸುವುದಾಗಿ ಹೇಳಿಬಿಟ್ಟಿದ್ದರು. ನಾನು ಒಪ್ಪಿಕೊಂಡೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನನಗೆ ಇಷ್ಟು ಖುಷಿ ಮತ್ತು ಇಷ್ಟು ಹೆದರಿಕೆ ಒಟ್ಟಿಗೆ ಆದದ್ದು ಅದೇ ಮೊದಲು.

ತೋಳ ಮತ್ತು ಕುರಿಮರಿ

ಮೊದಲ ಚಿತ್ರ, ತೋಳವೂ ಕುರಿಮರಿಯೂ ಜೊತೆಯಾಗಿ ವಾಸಿಸುವುದು. ತೋಳದ ಕಣ್ಣಿನಲ್ಲಿ ಹಸಿವು ಹೋಗಿ ಮಮತೆ ಬರಬೇಕು. ಅದಕ್ಕೇ ನನಗೆ ವಾರ ಹಿಡಿಯಿತು. ಒಂದು ಸಲ ಅತಿಯಾಗಿ ಮಮತೆ ತುಂಬಿ, ತೋಳ ನಮ್ಮ ಓಣಿಯ ನಾಯಿಯ ಹಾಗೆ ಬಾಲ ಅಲ್ಲಾಡಿಸುವುದೊಂದು ಬಾಕಿ ಉಳಿದಿತ್ತು. ಅಂತೂ ಒಂದು ಸಂಜೆ ಮನಸ್ಸಿಗೆ ಒಪ್ಪುವಂಥ ಕಣ್ಣು ಬಂತು. ಕಂಪ್ಯೂಟರಿನಲ್ಲಿ ಚಿತ್ರವನ್ನು ಪದರು ಪದರಾಗಿ ಬರೆಯುತ್ತೇವೆ. ಬೇಡವಾದ ಪದರನ್ನು ಮುಚ್ಚಿಡಬಹುದು. ಅವಸರದಲ್ಲಿ ನಾನು ಹಳೆಯದೊಂದು ಬ್ಯಾನರಿನ ಫೈಲಿನ ಮೇಲೆಯೇ ಇದನ್ನು ಬರೆದಿದ್ದೆ. ಆ ಹಳೆಯ ಪದರನ್ನು ಮುಚ್ಚಿದ್ದೇನೆ ಅಂದುಕೊಂಡು ಪಾಸ್ಟರಿಗೆ ವಾಟ್ಸ್ಆ್ಯಪ್ ಮಾಡಿದೆ.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಪಾಸ್ಟರು ಬಹಳ ಮೆತ್ತಗಿನ ಮನುಷ್ಯ. ಯಾರ ಮನಸ್ಸೂ ನೋಯಬಾರದು ಅನ್ನುವವರು.

"ಅಕ್ಕಾರ, ಚಿತ್ರ ಭಾಳ ಛಲೋ ಬಂದೈತ್ರಿ. ತೋಳದ ಕಣ್ಣು ನೋಡಿ ಅವ್ವ ಅತ್ತಬಿಟ್ಲು."

ನನಗೂ ಕಣ್ಣು ತುಂಬಿತು. "ಖರೇನ್ರಿ?"

"ಖರೇನ ರಿ. ಒಂದ ಮಾತು ಕೇಳೂದಿತ್ತು. ಕೆಳಗ 'ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು' ಅಂತ ಐತಿ, ಹನ್ನೊಂದ ಮಂದಿ ಹುಡುಗೂರು ಕರೇ ಕನ್ನಡಕ ಹಾಕ್ಕೊಂಡು ನಿಂತಾರ. ಅದೂ ಇರಲಿ. ಹುಟ್ಟುಹಬ್ಬ ತೋಳದ್ದೋ, ಕುರಿದೋ?"

ಕಣಕಿ ತಿನ್ನುವ ಸಿಂಹ

ಎರಡನೆಯದು, ಎತ್ತಿನ ಹಾಗೆ ಸಿಂಹ ಹುಲ್ಲು ಮೇಯುವ ಚಿತ್ರ. ನಮ್ಮ ಕಡೆ ಹುಲ್ಲು ಅಂದರೆ ಒಣಗಿದ ಜೋಳದ ದಂಟು, ಕಣಕಿ. ಅದನ್ನೇ ಬರೆದೆ.

ಇಲ್ಲಿ ನಮ್ಮ ಮಾವನ ಬಗ್ಗೆ ಹೇಳಬೇಕು. ಮಾವ ಜನ್ಮವಿಡೀ ಒಕ್ಕಲುತನ ಮಾಡಿದವರು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ಮೂರು ಬೆರಳಿನ ವಿಭೂತಿ ಬಳಿದು, ಲಿಂಗಪೂಜೆ ಮುಗಿಸಿ, ನನ್ನ ಅಂಗಡಿಗೆ ಬಂದು ಕೂಡುತ್ತಾರೆ. ಕಂಪ್ಯೂಟರಿನ ಮೇಲೆ ಅವರಿಗೆ ವಿಶ್ವಾಸವಿಲ್ಲ, ಸೊಸೆಯ ಮೇಲಿದೆ. ಪ್ರವಾದಿಗಳ ಕೆಲಸ ಶುರುವಾದಂದಿನಿಂದ ಅವರು ಹೊಲದ ಕಡೆ ಹೋಗುವುದನ್ನೂ ಕಡಿಮೆ ಮಾಡಿದ್ದರು.

"ಏನ ಮಾಡಾಕ ಹತ್ತೈತವಾ ಇದು?"

"ಕಣಕಿ ತಿನ್ನಾಕ ಹತ್ತೈತ್ರಿ ಮಾವಾರ. ಮುಂದ ಒಂದ ಕಾಲ ಬರತೈತಂತ, ಆವಾಗ ಸಿಂಹಾನೂ ಮೇವು ತಿಂತೈತಂತ."

ಮಾವ ಸ್ಕ್ರೀನಿನ ಹತ್ತಿರ ಬಗ್ಗಿ ನೋಡಿದರು. ಅವರ ಮುಖದಲ್ಲಿ ಈಗಾಗಲೇ ನಮ್ಮ ಬಣವೆಯ ಲೆಕ್ಕ ನಡೆದಿತ್ತು. "ಮೇವು ತಿಂದ ಮ್ಯಾಲ ಸುಮ್ಮ ಕುಂಡರಿಸಾಕ ಆಗಂಗಿಲ್ಲವಾ. ಬಿತ್ತೂ ಕೂರಿಗಿಗೆ ಕಟ್ಟಬೇಕಾಗತೈತಿ" ಅಂದರು.

ಶ್ರದ್ಧಾಂಜಲಿ ಬ್ಯಾನರ್ ಮಾಡಿಸಲು ಸಾಲಹಳ್ಳಿಯಿಂದ ಬಂದಿದ್ದ ರೈತರೊಬ್ಬರು ತಮ್ಮ ದುಃಖವನ್ನು ಬದಿಗಿಟ್ಟು ಸ್ಕ್ರೀನಿನ ಹತ್ತಿರ ಬಂದರು. "ಎಡಕ್ಕ ಇದನ್ನ ಹೂಡಿದ್ರ ಬಲಕ್ಕ ಯಾವುದು ನಿಂದರತೈತ್ರಿ?" ಅಂದರು. ಸಿಂಹಕ್ಕೆ ಜೋಡಿ ಯಾವ ಎತ್ತು ಆದೀತು ಅಂತ ಇಬ್ಬರೂ ಚಹಾ ತರಿಸಿ ಚರ್ಚಿಸಿದರು. ಖಿಲಾರಿ ತಳಿ ಆಗುವುದಿಲ್ಲ, ಅದಕ್ಕೆ ಸಿಟ್ಟು ಜಾಸ್ತಿ ಅಂತ ತೀರ್ಮಾನವಾಯಿತು.

ಚಿತ್ರ ರಾಮದುರ್ಗಕ್ಕೆ ಹೋಯಿತು. ಅಲ್ಲಿಯಾದರೂ ಇದರ ಅಧ್ಯಾತ್ಮ ಅರ್ಥವಾಗುತ್ತದೆ ಅಂದುಕೊಂಡೆ. ಈ ಸಲ ಫೋನಿನಲ್ಲಿ ಆಯಿಯೇ ಮಾತಾಡಿದರು.

"ತಂಗಿ, ಸಿಂಹ ಛಂದ ಐತಿ. ಮಗ್ಗಲಕ ಒಂದು ಬಾನ್ಯಾಗ ನೀರು ಇಡು. ಒಣಾ ಕಣಕಿ ಗಂಟಲದಾಗ ಹಿಡಕೊಂತೈತಿ. ಪಾಪ, ಅದಕ್ಕ ರೂಢಿ ಇಲ್ಲ."

ಕಿತ್ತೂರಿನಲ್ಲಿ ಕತ್ತಿ

ಮೂರನೆಯದು, ಜನ ತಮ್ಮ ಕತ್ತಿಗಳನ್ನು ಬಡಿದು ನೇಗಿಲ ಗುಳ ಮಾಡಿಕೊಳ್ಳುವ ಚಿತ್ರ. ಕುಲುಮೆಯ ಬೆಂಕಿ, ಸುತ್ತಿಗೆ, ಕೆಂಪಗೆ ಕಾದ ಕತ್ತಿ. ನನ್ನ ಮಟ್ಟಿಗೆ ಐದರಲ್ಲಿ ಇದೇ ಮೇಲು. ಆದರೆ ಕ್ಯಾನ್ವಾಸ್ ಪ್ರಿಂಟ್ ಹಾಕುವ ಮಷಿನ್ ಇರುವುದು ಕಿತ್ತೂರಿನ ಪರಿಚಯದವರೊಬ್ಬರ ಬಳಿ. ಬೇರೆ ಯಾವ ಊರಿನಲ್ಲಿ ಈ ಚಿತ್ರ ಪ್ರಿಂಟ್ ಆಗಿದ್ದರೂ ಸುಮ್ಮನೆ ಆಗಿ ಹೋಗುತ್ತಿತ್ತು.

ಮಷಿನ್ನಿನಿಂದ ಚಿತ್ರ ಅರ್ಧ ಹೊರಗೆ ಬರುತ್ತಿದ್ದಂತೆ ಅಂಗಡಿಯಾತ ನಿಲ್ಲಿಸಿದ. "ಅಕ್ಕಾರ, ಈ ಊರಾಗ ನಾ ಇಲ್ಲೀತನಾ ಕತ್ತಿ ಮ್ಯಾಲ ಎತ್ತಿ ಹಿಡದ ಬ್ಯಾನರ್ ಅಷ್ಟ ಹೊಡದೇನ್ರಿ. ಬಡದು ಮುರಿಯೂದನ್ನ ಹೊಡದಿಲ್ಲ. ಮಂದಿ ಏನಂದಾರು?"

ಮಂದಿ ಆಗಲೇ ಬಾಗಿಲಿಗೆ ಬಂದಿದ್ದರು. ಕೋಟೆಯ ಕಡೆಯಿಂದ ಒಬ್ಬರು, ಚಹಾದ ಅಂಗಡಿಯಿಂದ ಇಬ್ಬರು. ಇದು ಶಾಂತಿಯ ಚಿತ್ರ, ಲೋಕದಲ್ಲಿ ಯುದ್ಧವೇ ಇರದ ಕಾಲದ್ದು ಅಂತ ನಾನು ತಾಳ್ಮೆಯಿಂದ ವಿವರಿಸಿದೆ. ಎಲ್ಲರೂ ತಲೆದೂಗಿದರು. ದೊಡ್ಡ ಮೀಸೆಯ ಅಜ್ಜರೊಬ್ಬರು ಮಾತ್ರ ಒಪ್ಪಲಿಲ್ಲ.

"ಮುರೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮೊದಲ ಅವರು ಮುರೀಲಿ."

"ಅವರು ಅಂದ್ರ ಯಾರ್ರಿ ಅಜ್ಜಾರ?"

"ಬ್ರಿಟಿಷರು."

"ಅವರು ಹೋಗಿ ಎಷ್ಟೋ ಕಾಲ ಆತಲ್ರಿ!"

ಅಜ್ಜರು ಮೀಸೆಯ ಮೇಲೆ ಕೈಯಾಡಿಸಿದರು. ನನ್ನಂಥ ತಿಳಿಗೇಡಿಯನ್ನು ಕಂಡು ಅವರಿಗೆ ನಿಜವಾಗಿ ಮರುಕ ಬಂದಿತ್ತು.

"ಹೋಗ್ಯಾರ, ಖರೆ ಐತಿ. ಏನರ ಮರತು ಹೋಗಿದ್ವಿ ಅಂತ ತಿರಗಿ ಬಂದ್ರ?"

ಎಲುಬುಗಳಿಗೆ ಅರಿವೆ

ನಾಲ್ಕನೆಯದು ಕಷ್ಟದ ಚಿತ್ರ. ಬಯಲಿನ ತುಂಬ ಒಣಗಿದ ಎಲುಬುಗಳು. ಪ್ರವಾದಿ ಮಾತಾಡಿದ ಕೂಡಲೇ ಅವು ಒಂದಕ್ಕೊಂದು ಕೂಡಿಕೊಂಡು, ನರ, ಮಾಂಸ, ಚರ್ಮ ಬಂದು, ಉಸಿರು ತುಂಬಿ, ದೊಡ್ಡ ಸೈನ್ಯವಾಗಿ ಎದ್ದು ನಿಲ್ಲುತ್ತವೆ. ಇದನ್ನು ನೋಡಲು, ಸುಣ್ಣ ಬಳಿಸುವುದಾಗಿ ಹೇಳಿದ್ದ ಆ ಹೆಡ್‌ಮಾಸ್ತರರೇ ಪಾಸ್ಟರ ಜೊತೆಗೆ ಬೈಲಹೊಂಗಲಕ್ಕೆ ಬಂದರು. ಕೈಯಲ್ಲಿ ಕೊಡೆ, ಕಣ್ಣಿಗೆ ದಪ್ಪ ಕನ್ನಡಕ. ನಾನು ಪರೀಕ್ಷೆಗೆ ನಿಂತ ಹುಡುಗಿಯಾದೆ.

"ಇವರ ಮೈಮ್ಯಾಲ ಅರಬಿ ಎಲ್ಲಿ?" ಅಂದರು.

"ಬೈಬಲ್ ವಚನದಾಗ ಚರ್ಮದ ತನಕ ಅಷ್ಟ ಹೇಳೈತ್ರಿ ಮಾಸ್ತರ" ಅಂದರು ಪಾಸ್ಟರು.

"ವಚನ ನನಗೂ ಗೊತ್ತೈತಿ. ನಮ್ಮ ಮಂದಿರದಾಗ ಹೆಣ್ಣಮಕ್ಕಳು ಕುಂಡರತಾರ. ಅರಬಿ ಇಲ್ಲದ ಯಾರೂ ಎದ್ದು ನಿಂದರೂದು ಬ್ಯಾಡ."

ಬಯಲಿನ ತುಂಬ ಇದ್ದ ಅಷ್ಟೂ ಜನಕ್ಕೆ ಒಬ್ಬೊಬ್ಬರಿಗಾಗಿ ಬಟ್ಟೆ ಬರೆಯುತ್ತ ಕೂತರೆ ಮಂದಿರದ ಪ್ರತಿಷ್ಠೆಯ ದಿನವೇ ದಾಟಿ ಹೋಗುತ್ತಿತ್ತು. ನನ್ನ ಬಳಿ ಸವದತ್ತಿಯ ಕಡೆಗೆ ಮಾಡಿಕೊಟ್ಟಿದ್ದ ಒಂದು ಬ್ಯಾನರಿನ ಫೋಟೋಗಳಿದ್ದವು. ಅದರಲ್ಲಿ ಸಾಲು ಸಾಲಾಗಿ ಜನ, ಎಲ್ಲರೂ ಚೊಕ್ಕ ಬಟ್ಟೆಯಲ್ಲಿ. ಆ ಬಟ್ಟೆಗಳನ್ನೇ ಕತ್ತರಿಸಿ ಎಲ್ಲರಿಗೂ ತೊಡಿಸಿದೆ. ಊಟ ಮಾಡಿ ಬಂದ ಮಾಸ್ತರರಿಗೆ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ನೋಡಿದರು. ಗಂಡಸರಿಗೆಲ್ಲ ಒಂದೇ ಥರದ ಬಿಳಿ ಧೋತರ, ತಲೆಗೆ ಗುಲಾಬಿ ಪಟಗಾ. ಹೆಂಗಸರಿಗೆಲ್ಲ ಒಂದೇ ಬಣ್ಣದ ಸೀರೆ. ಅದು ಸಾಮೂಹಿಕ ವಿವಾಹದ ಬ್ಯಾನರು ಅನ್ನುವುದನ್ನು ನಾನು ಮರೆತೇಬಿಟ್ಟಿದ್ದೆ.

ಮಾಸ್ತರರು ನನ್ನ ಕಡೆ ತಿರುಗಿದರು.

"ಅಲ್ಲವಾ, ಸತ್ತವರು ಈಗಷ್ಟ ಎದ್ದಾರ. ಒಂಚೂರು ಉಸರು ತುಗೊಳ್ಳಾಕ ಬಿಡಬಾರದ? ಆಗಿಂದಾಗ ಮದವಿ ಮಾಡಿಬಿಟ್ಟೆಲ್ಲ!"

ಓಣಿಯಲ್ಲಿ ಕೂತವರು

ಆ ಮದುವೆಯ ಬಟ್ಟೆಗಳ ಬಣ್ಣ ಬದಲಿಸಿ ಐದನೆಯದಕ್ಕೆ ಕೂತೆ. ಅದು ಆಯಿಯದೇ ಆಯ್ಕೆ. ಯೆರೂಸಲೇಮಿನ ಬೀದಿಗಳಲ್ಲಿ ಮುದುಕರೂ ಮುದುಕಿಯರೂ ಕೈಯಲ್ಲಿ ಕೋಲು ಹಿಡಿದು ನೆಮ್ಮದಿಯಾಗಿ ಕೂತಿರುತ್ತಾರೆ, ಹುಡುಗರು ಹುಡುಗಿಯರು ಆಡುತ್ತಿರುತ್ತಾರೆ. ಅಷ್ಟೇ. ಸಿಂಹವಿಲ್ಲ, ಬೆಂಕಿಯಿಲ್ಲ. ಆದರೆ ಆಯಿ ಇದನ್ನು ಫೋನಿನಲ್ಲಿ ಹೇಳುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. ಇದೊಂದನ್ನು ಚೆನ್ನಾಗಿ ಬರೆಯದಿದ್ದರೆ ಉಳಿದ ನಾಲ್ಕು ಇದ್ದೂ ವ್ಯರ್ಥ ಅಂತ ನನಗೆ ಅನಿಸಿಬಿಟ್ಟಿತು.

ಮುಖ್ಯ ಮುದುಕನಿಗೆ ಮಾದರಿಯಾಗಿ ನನ್ನ ಮೊಬೈಲಿನಲ್ಲಿದ್ದ ಮಾವನ ಫೋಟೋ ಇಟ್ಟುಕೊಂಡೆ. ಯರಗಟ್ಟಿಯ ಪ್ಯಾಟಿಗೆ ಹೋಗಿದ್ದಾಗ ಕಟ್ಟೆಯ ಮೇಲೆ ಕೋಲು ಊರಿ, ಬಸ್ಸಿನ ದಾರಿ ನೋಡುತ್ತ ಕೂತಿದ್ದರು. ಅಂಥ ನೆಮ್ಮದಿಯ ಭಂಗಿ ಹುಡುಕಿದರೂ ಸಿಗದು. ಪಟಗಾ ತೆಗೆದು ಆ ದೇಶದವರಂತೆ ತಲೆಗೆ ಬಟ್ಟೆ ಹೊದಿಸಿದೆ, ಧೋತರ ತೆಗೆದು ಉದ್ದನೆಯ ನಿಲುವಂಗಿ ತೊಡಿಸಿದೆ. ಪಾಸ್ಟರು ಫೋನಿನಲ್ಲೇ ನೋಡಿ ಒಪ್ಪಿದರು. ಕ್ಯಾನ್ವಾಸು ಕಿತ್ತೂರಿನಿಂದ ನೇರವಾಗಿ ರಾಮದುರ್ಗಕ್ಕೆ ಹೋಯಿತು.

ಪ್ರತಿಷ್ಠೆಯ ದಿನ ನಾನು ಮಾವನನ್ನು ಕರೆದುಕೊಂಡು ಹೋದೆ. ಐದೂ ಚಿತ್ರಗಳು ಗೋಡೆಯ ಮೇಲಿದ್ದವು. ಪಾಸ್ಟರು ಆಯಿಯ ಕೈ ಹಿಡಿದು ಕೊನೆಯ ಚಿತ್ರದ ಮುಂದೆ ಕುರ್ಚಿ ಹಾಕಿ ಕೂಡಿಸಿದರು. ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಒಬ್ಬೊಬ್ಬರನ್ನೇ ನೋಡುತ್ತ ಕೂತರು. ನಾನು ಅಲ್ಲೇ ನಿಂತು ಅತ್ತೆ. ಬ್ಯಾನರ್ ಮಾಡಿ ಮಾಡಿ ಮರೆತುಹೋಗಿದ್ದ ನನ್ನ ಕೈ ನನಗೆ ಮರಳಿ ಸಿಕ್ಕ ಹಾಗಾಗಿತ್ತು.

ಅಷ್ಟರಲ್ಲಿ ಮಾಸ್ತರರು ಚಿತ್ರದ ತೀರ ಹತ್ತಿರ ಹೋಗಿ ಕನ್ನಡಕ ಏರಿಸಿದರು.

"ಪಾಸ್ಟರ, ಇಲ್ಲಿ ಬರ್ರಿ. ಯೆರೂಸಲೇಮಿನ ಓಣ್ಯಾಗ ವಿಭೂತಿ ಹಚ್ಚಿದಾಂವ ಯಾರು?"

ನಾನೂ ಹತ್ತಿರ ಓಡಿದೆ. ನೋಡಿದರೆ ಹೌದು, ತಲೆಬಟ್ಟೆಯ ಕೆಳಗೆ ಮೂರು ಬಿಳಿ ಗೆರೆ ಢಾಳಾಗಿ ಕಾಣುತ್ತಿವೆ. ಮಾವನ ಹಣೆಯನ್ನು ವಿಭೂತಿಯಿಲ್ಲದೆ ನಾನು ಎಂದೂ ಕಂಡವಳಲ್ಲ. ಹಣೆಯ ಬಣ್ಣವೇ ಅದು ಅಂತ ನನ್ನ ಕಣ್ಣು ಒಪ್ಪಿಬಿಟ್ಟಿತ್ತು. ಸುಣ್ಣದ ಬಕೆಟ್ಟು ನನ್ನ ಕಣ್ಣ ಮುಂದೆ ಬಂತು. ಆಯಿ ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

ಹಿಂದಿನ ಸಾಲಿನಿಂದ ಕೋಲು ಊರಿದ ಸದ್ದು ಕೇಳಿತು. ಮಾವ ಎದ್ದು ನಿಂತಿದ್ದರು. ಅವರ ಹಣೆಯ ಮೇಲೂ ಅದೇ ಮೂರು ಗೆರೆ.

"ಅಂವಾ ನಾನರೀ ಮಾಸ್ತರ" ಅಂದರು. "ತಪ್ಪು ತಿಳಕೋಬ್ಯಾಡ್ರಿ. ನಾ ಅಲ್ಲೇ ಇರಾಕ ಬಂದಾಂವಲ್ಲ. ಬೈಲಹೊಂಗಲ ಬಸ್ಸಿಗೆ ಕಾಯಾಕ ಕುಂತೇನಿ. ಬಸ್ಸು ಬಂದ ಕೂಡ್ಲೆ ಎದ್ದು ಹೊಕ್ಕೇನಿ."

ಮಾಸ್ತರರ ಹೊಟ್ಟೆ ನಗುವಿನಿಂದ ಕುಣಿಯತೊಡಗಿತು. ಅವರು ನಕ್ಕದ್ದನ್ನು ಆ ಸಭೆಯವರು ಯಾರೂ ಕಂಡಿರಲಿಲ್ಲವಂತೆ. ಕೊಡೆಗೆ ಆತುಕೊಂಡು, ಕಣ್ಣೀರು ಸುರಿಯುವವರೆಗೆ ನಕ್ಕರು.

"ಇರಲಿ ಬಿಡ್ರಿ ಹಂಗಾರ. ಒಂದೂ ಇಳಸಬ್ಯಾಡ್ರಿ. ಅವರ ಬಸ್ಸು ಬರೂತನಾ ಎಲ್ಲಾ ಅಲ್ಲೇ ಇರಲಿ" ಅಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಆಯಿ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ನಮ್ಮ ಮಾವನನ್ನು ನೋಡಿದರು.

"ಆರಾಮ ಕುಂಡರ್ರಿ ಅಣ್ಣಾರ. ಆ ಊರಿಗೆ ಬಸ್ಸು ಬರೂದಷ್ಟ ಐತಿ. ಹೊಳ್ಳಿ ಹೋಗೂದಿಲ್ಲ."

ಮಾವ ಕೋಲಿನ ಮೇಲೆ ಎರಡೂ ಕೈ ಇಟ್ಟು, ಗೋಡೆಯ ಮೇಲಿನ ತಮ್ಮನ್ನು ತಾವೇ ನೋಡುತ್ತ, ಗಂಭೀರವಾಗಿ ವಿಚಾರ ಮಾಡಿದರು. ಆಮೇಲೆ ಕೇಳಿದರು:

"ಹೌದ್ರಿ? ಹಂಗಾದ್ರ ಅಲ್ಲಿ ಜ್ವಾಳದ ರೊಟ್ಟಿ ಸಿಗತಾವೇನ್ರಿ?"