ಕಣ್ಣು ಬಿಡದ ಕ್ಯಾಮೆರಾ

ಮದ್ದೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮಸೂರದ ಪಾಠ ಮಾಡಿಕೊಂಡು ಬಂದಿರುವ ನನಗೆ ಒಂದು ವಿಡಿಯೋ ಕ್ಯಾಮೆರಾ ಯಾವ ಲೆಕ್ಕ? ಪೀನ ಮಸೂರ, ನಿಮ್ನ ಮಸೂರ, ಸಂಗಮ ದೂರ ಎಲ್ಲವೂ ನನಗೆ ಬಾಯಿಪಾಠ. ಆದ್ದರಿಂದ ಕ್ಯಾಮೆರಾ ಕೊಳ್ಳುವ ನಿರ್ಧಾರವನ್ನು ಯಾರ ಸಲಹೆಯನ್ನೂ ಕೇಳದೆ, ಸಂಪೂರ್ಣ ವೈಜ್ಞಾನಿಕ ಮನೋಭಾವದಿಂದ ಕೈಗೊಂಡೆ.

ಇದಕ್ಕೆಲ್ಲ ಕಾರಣ ನಮ್ಮ ಜಯಕ್ಕ. ನನಗೆ ನಾಲ್ಕು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಆಗ ಅಕ್ಕನಿಗೆ ಹದಿನಾರು. ಅಂದಿನಿಂದ ನನ್ನನ್ನು ಸಾಕಿದವಳು ಅವಳೇ. ಮದುವೆಯಾಗಿ ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹತ್ತಿರದ ಒಂದು ಊರಿಗೆ ಹೋಗುವಾಗ ಪೆಟ್ಟಿಗೆ, ಪಾತ್ರೆಗಳ ಜೊತೆಗೆ ನನ್ನನ್ನೂ ಕರೆದುಕೊಂಡು ಹೋದಳು. ಬಾವ ಬೇಡ ಎನ್ನಲಿಲ್ಲ, ಪಾಪ. ಆಮೇಲೆ ಅಕ್ಕ ಅದೇ ಊರಿನ ಅಂಗನವಾಡಿಗೆ ಟೀಚರ್ ಆಗಿ ಸೇರಿದಳು. ಊರಿನ ಅರ್ಧ ಜನ ಅವಳ ಕೈಯಲ್ಲೇ ಮೂಗು ಒರೆಸಿಕೊಂಡು ದೊಡ್ಡವರಾದವರು.

ಒಂದು ಭಾನುವಾರ ಮಗಳು ಚೈತ್ರ ನಮ್ಮ ಮದುವೆಯ ಹಳೆಯ ವಿಡಿಯೋ ಹಾಕಿಕೊಂಡು ಕೂತಿದ್ದಳು.

"ಅಪ್ಪ, ಇದರಲ್ಲಿ ಜಯತ್ತೆ ಎಲ್ಲಿ?"

"ಇರುತ್ತಾಳೆ, ಸರಿಯಾಗಿ ನೋಡು."

ಮೂರು ಗಂಟೆ ಸರಿಯಾಗಿ ನೋಡಿದೆವು. ಧಾರೆಯಲ್ಲಿ ಇಲ್ಲ, ಆರತಕ್ಷತೆಯಲ್ಲಿ ಇಲ್ಲ. ಕೊನೆಗೆ ಊಟದ ಪಂಕ್ತಿಯಲ್ಲಿ ಹಸಿರು ಬಳೆಯ ಒಂದು ಕೈ ಬಂದು ಸಾರು ಬಡಿಸಿ ಹೋಯಿತು. ಅದೇ ಅಕ್ಕ! ಚೈತ್ರಳ ನಾಮಕರಣದ ವಿಡಿಯೋ ಹಾಕಿದೆವು. ಪಾಯಸದ ಸೌಟು ಹಿಡಿದ ಕೈ. ಗೃಹಪ್ರವೇಶದ್ದು ಹಾಕಿದೆವು. ಮತ್ತೆ ಅದೇ ಕೈ. ನನ್ನನ್ನು ಮನುಷ್ಯನನ್ನಾಗಿ ಮಾಡಿದವಳು ನಮ್ಮ ಮನೆಯ ಚಿತ್ರಗಳಲ್ಲಿ ಮೊಣಕೈವರೆಗೆ ಮಾತ್ರ ಇದ್ದಾಳೆ! ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮುಂದಿನ ತಿಂಗಳೇ ಅಕ್ಕನಿಗೆ ನಿವೃತ್ತಿ. ಊರಿನವರು ಅಂಗನವಾಡಿಯ ಮುಂದೆ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಆ ದಿನ ಅಕ್ಕನ ಮುಖವನ್ನು ಶಾಶ್ವತವಾಗಿ ಸೆರೆಹಿಡಿಯುವುದಾಗಿ ನಾನು ಅಲ್ಲೇ, ಟೀವಿಯ ಮುಂದೆ, ಘೋಷಿಸಿದೆ.

"ಮೊಬೈಲಲ್ಲಿ ತೆಗೀರಿ, ಸಾಕು" ಎಂದಳು ಹೆಂಡತಿ ಸುಧಾ.

"ಮೊಬೈಲಿನಲ್ಲಿ ತೆಗೆದದ್ದು ಮೊಬೈಲಿನಲ್ಲೇ ಸಾಯುತ್ತದೆ. ಇದು ನಮ್ಮ ಅಕ್ಕನ ವಿಷಯ. ಕ್ಯಾಮೆರಾ ಎಂದರೆ ಕ್ಯಾಮೆರಾ!"

ಮಂಡ್ಯದ ಅಂಗಡಿಯವನು ನನ್ನ ಬೇಡಿಕೆ ಕೇಳಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇದ್ನ ಕೇಳ್ಕಂಡ್ ಯಾರಾದ್ರೂ ಬಂದು ಎಷ್ಟ್ ವರ್ಸಾಯ್ತು ಸಾ!" ಎಂದು ಏಣಿ ಹತ್ತಿ, ಮೇಲಿನ ಗೂಡಿನಿಂದ ಮೂರು ಡಬ್ಬ ಇಳಿಸಿ ಧೂಳು ಒರೆಸಿದ. ನಾನು ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿದೆ. ಗುಂಡಿಗಳನ್ನು ಎಣಿಸಿದೆ. ಒಂದರ ಜೂಮ್ ಗುಂಡಿ ಒತ್ತಿ, ರಸ್ತೆಯಾಚೆಯ ಕಟ್ಟಡದ ಮೇಲೆ ಕೂತಿದ್ದ ಕಾಗೆಯ ಕೊಕ್ಕಿನವರೆಗೂ ಹೋಗಿ ಬಂದೆ. ಅಂಗಡಿಯವನಿಗೆ ನಾನು ತಿಳಿದವನು ಎಂದು ಗೊತ್ತಾಗಿರಬೇಕು.

"ಇದ್ನೇ ತಗಳಿ ಸಾ" ಎಂದ. "ಬೇರೆವ್ಕೆ ಮುಚ್ಚಳ ಆಕ್ಬೇಕು, ತಗೀಬೇಕು. ಇದು ತಾನೇ ಕಣ್ ಬುಡ್ತದೆ, ತಾನೇ ಕಣ್ ಮುಚ್ಕತದೆ."

ಗುಂಡಿ ಒತ್ತಿ ತೋರಿಸಿದ. ಮಸೂರದ ಮುಂದಿದ್ದ ಎರಡು ಪುಟ್ಟ ಕಪ್ಪು ರೆಪ್ಪೆಗಳು ಮೇಲೊಂದು ಕೆಳಗೊಂದು ಸರಿದು ಕಣ್ಣು ತೆರೆಯಿತು. ಇಡೀ ಜೀವಮಾನದಲ್ಲಿ ಒಂದು ಪೆನ್ನಿನ ಮುಚ್ಚಳವನ್ನೂ ಉಳಿಸಿಕೊಳ್ಳಲಾಗದ ನನಗೆ ಇದಕ್ಕಿಂತ ಇನ್ನೇನು ಬೇಕು? ಮೂರು ಕಾಲಿನ ಸ್ಟ್ಯಾಂಡನ್ನೂ ಸೇರಿಸಿ ಕೊಂಡು ಬಂದೆ. ಜೊತೆಗಿದ್ದ ದಪ್ಪ ಪುಸ್ತಕವನ್ನು ಓದುವ ಅಗತ್ಯ ಕಾಣಲಿಲ್ಲ.

ಬೀಳ್ಕೊಡುಗೆಯ ದಿನ ಬೆಳಿಗ್ಗೆ ಹೊರಡುವ ಹೊತ್ತಿಗೆ ಅಡ್ಡ ಬಂದವರು ಸುಧಾಳ ತಾಯಿ, ಅಂದರೆ ನಮ್ಮ ಅತ್ತೆ.

"ಒಸದು ತಂದು ಪೂಜೆ ಮಾಡ್ದೆ ಓಡುಸ್ತಾರಾ ಅಳಿಯಂದ್ರೆ?"

"ಇದು ಓಡುವುದಿಲ್ಲ ಅತ್ತೆ. ಗಾಡಿಯಲ್ಲ."

"ಮೂರ್ ಕಾಲು ಅವಲ್ಲ!"

ಸ್ಟ್ಯಾಂಡಿಗೆ ಕ್ಯಾಮೆರಾ ಸಿಕ್ಕಿಸಿ ಅವರ ಮುಂದೆ ನಿಲ್ಲಿಸಿದೆ. ಅತ್ತೆ ಮೂರು ಕಾಲಿನ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟರು. ಗಾಡಿಯಾದರೆ ತಾನೇ ಮುಂದೆ ಹೋಗಿ ಹಣ್ಣನ್ನು ಅಪ್ಪಚ್ಚಿ ಮಾಡುತ್ತದೆ. ಸ್ಟ್ಯಾಂಡು ಎಲ್ಲಿಗೆ ಹೋಗಬೇಕು? ನಾನೇ ಮೇಲಿನಿಂದ ಒತ್ತಿದೆ. ಎರಡು ಹಣ್ಣು ಒಡೆದವು, ಮೂರನೆಯದು ಉರುಳಿತು, ಸ್ಟ್ಯಾಂಡು ಕ್ಯಾಮೆರಾ ಸಮೇತ ಅತ್ತೆಯ ಮಡಿಲಿಗೆ ಬಿತ್ತು. ಅವರು ಗಾಬರಿಯಾಗದೆ ಅದನ್ನು ಕೂಸಿನ ಹಾಗೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅರಿಶಿನ ಕಲಸಿದರು.

"ಇದ್ರ ಹಣೆ ಯಾವ್ದು ಅಳಿಯಂದ್ರೆ?"

ವೈಜ್ಞಾನಿಕವಾಗಿ ಯೋಚಿಸಿದೆ. "ಮುಂದಿನ ಭಾಗವೇ ಹಣೆ ಅತ್ತೆ" ಎಂದೆ.

ಅತ್ತೆ ಮುಂದಿನ ಭಾಗಕ್ಕೆ ಹಸಿ ಅರಿಶಿನ ಬಳಿದು, ಅದರ ಮೇಲೆ ಧಾರಾಳವಾಗಿ ಕುಂಕುಮ ಒತ್ತಿದರು.

"ರೀ, ಅದು ಕಣ್ಣಲ್ವಾ?" ಎಂದಳು ಸುಧಾ.

"ಮುಚ್ಚಿದೆಯಲ್ಲ! ರೆಪ್ಪೆ ಇರುವುದೇ ಕಣ್ಣು ಕಾಯುವುದಕ್ಕೆ."

ಹೊರಡುವ ಮುಂಚೆ ಟವೆಲಿನಿಂದ ಚೆನ್ನಾಗಿ ತಿಕ್ಕಿ ಒರೆಸಿದೆ. ಮೇಲಿದ್ದದ್ದೆಲ್ಲ ಸಂದಿಗೆ ಸೇರಿಕೊಂಡಿತು ಎಂಬುದು ಆಗ ತಿಳಿಯಲಿಲ್ಲ.

ಅಂಗನವಾಡಿಯ ಮುಂದೆ ಶಾಮಿಯಾನ ಹಾಕಿದ್ದರು. ನೆರಳು ಅತಿಥಿಗಳಿಗೆ, ಬಿಸಿಲು ನನಗೆ. ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು. ಪಕ್ಕದ ಪುಟ್ಟ ಪರದೆಯಲ್ಲಿ ಮಾತ್ರ ಬಿಸಿಲಿಗೆ ಏನೂ ಕಾಣದು. ಕಣ್ಣು ಕಿರಿದು ಮಾಡಿ ನೋಡಿದರೆ ನನ್ನದೇ ಬೆವರಿದ ಮುಖ ಹೊಳೆಯುತ್ತಿತ್ತು.

"ಏನ್ರೀ, ಕಾಣ್ತಾ ಇದೆಯಾ?" ಎಂದಳು ಸುಧಾ.

"ಇದಕ್ಕೆಲ್ಲ ಪರದೆ ನೋಡಬಾರದು. ಅಂದಾಜಿರಬೇಕು!"

ಅಂದಾಜು ಭರ್ಜರಿಯಾಗಿ ನಡೆಯಿತು. ಪಂಚಾಯ್ತಿ ಅಧ್ಯಕ್ಷರು ಅಕ್ಕನಿಗೆ ಶಾಲು ಹೊದಿಸುವಾಗ ಯಾರೋ ಅಡ್ಡ ಬಂದರು. "ಇನ್ನೊಂದು ಸಲ!" ಎಂದೆ. ಹೊದಿಸಿದರು. ಅಕ್ಕ ತಲೆ ತಗ್ಗಿಸಿಬಿಟ್ಟಳು. "ಇನ್ನೊಂದು ಸಲ, ಮುಖ ಮೇಲೆ!" ಮೂರನೆಯ ಸಲಕ್ಕೆ ಅಧ್ಯಕ್ಷರು, "ಮೇಷ್ಟ್ರೇ, ಸಾಲು ಅರ್ದೋಯ್ತದೆ" ಎಂದರು. ಮಕ್ಕಳಿಂದ ಸ್ವಾಗತಗೀತೆಯನ್ನು ಮತ್ತೆ ಹಾಡಿಸಿದೆ. ಅಷ್ಟರಲ್ಲಿ ಅಕ್ಕ ಕಾಣೆ! ಹೋಗಿ ನೋಡಿದರೆ ಅಡುಗೆಯ ಹತ್ತಿರ ಸೌಟು ಹಿಡಿದು ನಿಂತಿದ್ದಾಳೆ.

"ಅಕ್ಕ, ಇವತ್ತೊಂದು ದಿನ ಸೌಟು ಮುಟ್ಟಬೇಡ. ಬಂದು ಕುರ್ಚಿಯಲ್ಲಿ ಕೂತುಕೋ."

"ಮಕ್ಳು ಅಸ್ಕಂಡವೆ ಕಣ್ಲಾ. ನಿನ್ ಡಬ್ಬ ಆಮೇಕೆ ಮಡಿಕೊ."

"ನಿನ್ನ ಮುಖ ಬೇಕು ನನಗೆ!"

"ನನ್ ಮುಖ ಎಲ್ಲೋಯ್ತದ್ಲಾ, ಇಲ್ಲೇ ಇರ್ತದೆ."

ಬಲವಂತವಾಗಿ ಕರೆತಂದು ಕೂರಿಸಿದೆ. ಕೊನೆಗೆ ಅವಳ ಕೈಯಲ್ಲಿ ಬೆಳೆದ ಹುಡುಗರೆಲ್ಲ ಸೇರಿ ಒಂದು ಬಂಡೂರು ಕುರಿಮರಿಯನ್ನು ಉಡುಗೊರೆಯಾಗಿ ತಂದರು. ಬೆಳ್ಳಗೆ, ಮೋಟು ಕಾಲಿನ, ಮುದ್ದಾದ ಮರಿ. ಅಕ್ಕನ ಕಣ್ಣಲ್ಲಿ ನೀರು ಬಂತು. ಇದೇ ಕ್ಷಣ! ಅಕ್ಕನ ಪೂರ್ತಿ ಮುಖ ಸಿಗಲೆಂದು ಹಿಂದೆ ಹಿಂದೆ ನಡೆದೆ. ಮರಿಯ ಹಗ್ಗ ಕಾಲಿಗೆ ಸುತ್ತಿಕೊಂಡಿತು. ನಾನು ಬಿದ್ದ ಸದ್ದಿಗೆ ಮರಿ ಹೆದರಿ ಓಡಿತು, ಅದರ ಹಿಂದೆ ಮಕ್ಕಳು ಓಡಿದರು, ಸಭೆ ವಂದನಾರ್ಪಣೆಯಿಲ್ಲದೆ ಮುಗಿಯಿತು. ಆದರೂ ಬಿದ್ದಲ್ಲಿಂದಲೇ ಕ್ಯಾಮೆರಾ ಎತ್ತಿ ಹಿಡಿದು ಚಿತ್ರೀಕರಣ ಮುಂದುವರಿಸಿದೆ. ಕರ್ತವ್ಯ ಎಂದರೆ ಕರ್ತವ್ಯ.

ಸಂಜೆ ಅಕ್ಕನ ಮನೆಯ ನಡುಮನೆಯಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಕೂತರು. ಚೈತ್ರ ವೈರು ಸಿಕ್ಕಿಸಿ ಕ್ಯಾಮೆರಾವನ್ನು ಟೀವಿಗೆ ಜೋಡಿಸಿದಳು. ನಾನು ಗಂಟಲು ಸರಿಮಾಡಿಕೊಂಡು ನಾಲ್ಕು ಮಾತು ಪ್ರಸ್ತಾವನೆ ಆಡಿದೆ. ಚಿತ್ರ ಶುರುವಾಯಿತು.

ಟೀವಿಯ ಮೇಲಿನ ಅರ್ಧ ಕಪ್ಪು. ಕೆಳಗಿನ ಅರ್ಧದಲ್ಲಿ ಒಂದು ಹೊಟ್ಟೆ.

"ಅದ್ಯಕ್ಸರ್ದು!" ಎಂದು ಪಕ್ಕದ ಮನೆಯ ನಿಂಗಮ್ಮ ಕೂಡಲೇ ಗುರುತು ಹಿಡಿದಳು.

ಕ್ಯಾಮೆರಾದ ಮೇಲಿನ ರೆಪ್ಪೆ ಅರಿಶಿನ ಕುಂಕುಮದಲ್ಲಿ ಒಣಗಿ ಅಂಟಿಕೊಂಡು, ಇಡೀ ದಿನ ಅರ್ಧ ಕಣ್ಣು ಮುಚ್ಚಿಕೊಂಡೇ ಇತ್ತು! ಒಂದು ಗಂಟೆಯ ಚಿತ್ರದಲ್ಲಿ ಒಬ್ಬರಿಗೂ ತಲೆಯಿಲ್ಲ. ಸೀರೆಯ ಅಂಚು, ಪಂಚೆ, ಚಪ್ಪಲಿ. ಹೆಂಗಸರಿಗೆ ಮಾತ್ರ ಭಾರಿ ಖುಷಿ. "ಅದು ನನ್ ಸೀರೆ ಕಣಮ್ಮ!" "ಇದ್ಯಾರೇ ಎರಡ್ ಥರ ಚಪ್ಲಿ ಆಕ್ಕಂಡಿರೋಳು?" ಬಾವ ತಮ್ಮ ಪಂಚೆಯನ್ನು ಗುರುತಿಸಿ ಹೆಮ್ಮೆಯಿಂದ ನಕ್ಕರು. ತಲೆ ಸಮೇತ ಬಂದವರೆಂದರೆ ಅಂಗನವಾಡಿಯ ಪುಟ್ಟ ಮಕ್ಕಳು ಮತ್ತು ಕುರಿಮರಿ. ಮರಿ ಬಹಳ ಚೆನ್ನಾಗಿ ಬಂದಿತ್ತು.

ನಾನು ನಗಲಿಲ್ಲ. ಶಾಲು ಹೊದಿಸುವ ದೃಶ್ಯ ಬಂದಿತ್ತು. ಮೂರು ಸಲ ಮಾಡಿಸಿದ್ದೆನಲ್ಲ, ಮೂರು ಸಲವೂ ಕಂಡದ್ದು ಒಂದೇ: ಶಾಲಿನ ಅಂಚು ಹಿಡಿದ ಹಸಿರು ಬಳೆಯ ಕೈ. ಮತ್ತೆ ಕೈ! ಇಷ್ಟೆಲ್ಲ ಮಾಡಿ ನಾನೂ ಅಕ್ಕನನ್ನು ಮೊಣಕೈಗೆ ತಂದು ನಿಲ್ಲಿಸಿದ್ದೆ. ನಿವೃತ್ತಿ ಇನ್ನೊಂದು ಸಲ ಆಗುವುದಿಲ್ಲ.

ಏನೋ ಒಂದು ಆಸೆಯಿಂದ ಮತ್ತೆ ಚಿತ್ರೀಕರಣದ ಗುಂಡಿ ಒತ್ತಿದೆ. ವೈರು ಹಾಗೇ ಇದ್ದುದರಿಂದ ಈಗ ಎದುರಿಗಿದ್ದದ್ದೇ ಟೀವಿಯಲ್ಲಿ ಬರತೊಡಗಿತು. ಮೇಲರ್ಧ ಕಪ್ಪು, ಕೆಳಗೆ ನಿಂಗಮ್ಮನ ಮಂಡಿ.

"ತತ್ತಾ ಇಲ್ಲಿ" ಎಂದು ಅಕ್ಕ ನನ್ನ ಕೈಯಿಂದ ಕ್ಯಾಮೆರಾ ತೆಗೆದುಕೊಂಡಳು. ಟೀವಿಗೆ ಬೆನ್ನು ಮಾಡಿ, ಬೆಳಕಿಗೆ ಹಿಡಿದು ನೋಡಿದಳು. "ಅಯ್ಯೋ ಪಾಪ, ಪಿಸುರು ಕಟ್ಕಂಡದೆ ಕಣ್ಲಾ ಇದ್ಕೆ."

ಸೆರಗಿನ ಅಂಚನ್ನು ಚೊಂಬಿನ ನೀರಿಗೆ ಅದ್ದಿದಳು. ಬಾಯಿಂದ ಹಬೆ ಊದಿದಳು. ಟೀವಿಯಲ್ಲಿ ಮೊದಲು ಮಂಜು, ಆಮೇಲೆ ಕದಡಿದ ಕೆಂಪು, ಆಮೇಲೆ ಸೀರೆಯ ಎಳೆ. ಅಕ್ಕ ಮೂವತ್ತು ಚಿಲ್ಲರೆ ವರ್ಷದ ಅಭ್ಯಾಸದಂತೆ ಮಾತಾಡಿಕೊಂಡೇ ಒರೆಸುತ್ತಿದ್ದಳು.

"ಎಲ್ಲಿ, ಕಣ್ ಬುಡಪ್ಪ. ಉರಿ ಆಯ್ತದಾ? ಇನ್ನೊಸಿ ತಡ್ಕೊ. ಜಾಣ ಅಲ್ವಾ ನೀನು? ಬುಡು, ಕಣ್ ಬುಡು..."

ಟಕ್! ಮೇಲಿನ ರೆಪ್ಪೆ ಸರಿಯಿತು. ಟೀವಿಯ ತುಂಬ ಅಕ್ಕನ ಮುಖ.

"ಜಯಕ್ಕ, ನೀನೇ ಕಣೇ ಟೀವೀಲಿ!" ಎಂದು ಹೆಂಗಸರು ಕೂಗಿದರು. ಅಕ್ಕ ತಿರುಗಲಿಲ್ಲ. ಹಣೆಯ ಗೆರೆ, ಮೂಗುಬೊಟ್ಟು, ಒಂದು ಬದಿ ಸವೆದ ಹಲ್ಲು, ಏನಾಯಿತೋ ಎಂದು ತೀರ ಹತ್ತಿರದಿಂದ ನೋಡುವ ಆ ಎರಡು ಕಣ್ಣು.

ಆ ಮುಖ ನನಗೆ ಗೊತ್ತಿತ್ತು. ಚಿಕ್ಕವನಿದ್ದಾಗ ಬೇಸಿಗೆ ಬಂತೆಂದರೆ ನನಗೆ ಕಣ್ಣುಬೇನೆ. ಬೆಳಿಗ್ಗೆ ಪಿಸುರು ಕಟ್ಟಿ ರೆಪ್ಪೆ ಅಂಟಿಕೊಂಡಿರುತ್ತಿತ್ತು. ಕುರುಡನಾಗಿಬಿಟ್ಟೆ ಎಂದು ನಾನು ಕಿರುಚಿಕೊಳ್ಳುತ್ತಿದ್ದೆ. ಅಕ್ಕ ಬಿಸಿನೀರಿಗೆ ಲಂಗದ ಅಂಚು ಅದ್ದಿ, ಇದೇ ಮಾತು ಆಡುತ್ತ ಒರೆಸುತ್ತಿದ್ದಳು. ಕಣ್ಣು ಬಿಟ್ಟಾಗ ಲೋಕದಲ್ಲಿ ನನಗೆ ಮೊದಲು ಕಾಣುತ್ತಿದ್ದದ್ದು ಇದೇ ಮುಖ, ಇಷ್ಟೇ ಹತ್ತಿರದಲ್ಲಿ. ಅವಳಿಲ್ಲದಿದ್ದರೆ ನಾನಿಲ್ಲ ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ ನಾನು. ಆಗಲಾದರೂ ಹೇಳಬೇಕೆಂದುಕೊಂಡೆ. "ಅಕ್ಕಾ" ಎಂದೆ. ಮುಂದಿನ ಮಾತಿಗೆ ಮೊದಲೇ ಅಳು ಬಂದು, ಟವೆಲಿಗೆ ಕೈ ಹಾಕಿದೆ.

"ಯಾಕ್ಲಾ ಅಳ್ತೀಯ? ಸರೋಯ್ತಲ್ಲ ಬುಡು" ಎಂದಳು ಅಕ್ಕ. "ಇದ್ರ ಕಣ್ಣೇನೋ ಸರೋಯ್ತು. ಬೆಳಗಿಂದ ಇದ್ರ ಕಣ್ಣು ಮುಚ್ಚಿರಾದು ಕಾಣ್ದಿರ ನಿನ್ ಕಣ್ಣ ನಾಳೆ ಡಾಕ್ಟ್ರಿಗೆ ತೋರುಸ್ಕೊ."

ಇದೆಲ್ಲವೂ ಕ್ಯಾಮೆರಾದಲ್ಲಿ ಅಚ್ಚಾಗಿದೆ. ನಾಲ್ಕು ನಿಮಿಷ. ಅಕ್ಕನ ಭುಜದ ಹಿಂದೆ ಬಾಯಿ ಬಿಟ್ಟುಕೊಂಡು, ಟವೆಲಿನಲ್ಲಿ ಮೂಗು ಒರೆಸಿಕೊಳ್ಳುತ್ತಿರುವವನು ನಾನು. ಮನೆಗೆ ಯಾರು ಬಂದರೂ ಚೈತ್ರ ಅದನ್ನು ಹಾಕಿ ತೋರಿಸುತ್ತಾಳೆ. ನೋಡಿದವರೆಲ್ಲ, "ಎಷ್ಟು ಚೆನ್ನಾಗಿ ತೆಗೆದಿದ್ದೀರಿ ಮೇಷ್ಟ್ರೇ!" ಎನ್ನುತ್ತಾರೆ. ನಾನು ವಿನಯದಿಂದ ತಲೆ ತಗ್ಗಿಸುತ್ತೇನೆ. ಅದರಲ್ಲಿ ಕ್ಯಾಮೆರಾ ಹಿಡಿದವಳು ಅಕ್ಕ, ಕಣ್ಣು ಬಿಡಿಸಿದವಳು ಅಕ್ಕ, ಕಾಣುವವಳೂ ಅಕ್ಕ. ನಾನು ಮಾಡಿದ್ದು ಒಂದೇ ಕೆಲಸ, ಗುಂಡಿ ಒತ್ತಿ ನಿಲ್ಲಿಸುವುದನ್ನು ಮರೆತದ್ದು.